ಜೇನಿನ ಪಂಕ್ತೀಲಿ ಕೂತ ರಾಜ

ಒಂದಾನೊಂದು ಊರಿನಲ್ಲಿ, ಆ ಊರಿಗೆ ಹೆಸರಿಡೋದನ್ನೇ ಮರೆತಿದ್ದರು, ಕೆಂಚನಾಯಕ ಅಂತ ಒಬ್ಬ ರಾಜ ಇದ್ದ. ಅವನಿಗೆ ಯುದ್ಧ ಬೇಡ, ಕಪ್ಪ ಬೇಡ. ಕುಂಬಳಕಾಯಿ ಕಡುಬು ಒಂದಿದ್ದರೆ ಸಾಕು.

ಅವನ ತೋಟ ನೋಡಿಕೊಳ್ಳುತ್ತಿದ್ದವಳು ಸಂಕಮ್ಮ. ಮಕ್ಕಳಿಲ್ಲದ ಸಂಕಮ್ಮ ಕುಂಬಳದ ಬಳ್ಳಿಯನ್ನೇ ಮಗಳು ಅಂತ ಸಾಕಿದ್ದಳು. ದಿನಾ ತಲೆ ಬಾಚುತ್ತಿದ್ದಳು. ಬಳ್ಳಿಯೂ ಅವಳನ್ನ "ಅವ್ವಾ" ಅಂತಿತ್ತು.

ಒಂದು ದಿನ ರಾಜ ತೋಟಕ್ಕೆ ಬಂದ. "ಏನಿದು ಕಳೆ!" ಅಂದ. ತುಂಬೆ ಕೀಳಿಸಿದ, ಕೇಪಳ ಕೀಳಿಸಿದ, ತಂಗಡಿ ಕೀಳಿಸಿದ. ತುಳಸೀನೂ ಬಿಡಲಿಲ್ಲ, ಪಾಪಿ. ಎಲ್ಲ ತಿಪ್ಪೆಗೆ ಹೋಯಿತು. ಪಾತಿ ತುಂಬ ಪರದೇಶದ ಹೂ ಬಂತು. ನೋಡೋಕೆ ಚೆಂದ, ಒಳಗೆ ಒಂದು ತೊಟ್ಟು ಜೇನಿಲ್ಲ.

ಜೇನುಹುಳ ಬರೋದು ನಿಂತಿತು. ಬಳ್ಳಿಯ ಹೂ ಅರಳಿತು, ಬಾಡಿತು. ಅರಳಿತು, ಬಾಡಿತು. ಕಾಯಿ ಕಚ್ಚಲೇ ಇಲ್ಲ.

"ಹುಣ್ಣಿಮೆ ಸಂಜೆಯೊಳಗೆ ಪೀಚು ಕಾಣದಿದ್ದರೆ ಬಳ್ಳಿ ಕಿತ್ತು ಎಮ್ಮೆಗೆ ಹಾಕ್ತೀನಿ," ಅಂದ ರಾಜ.

ಅಷ್ಟಕ್ಕೇ ಸುಮ್ಮನಿದ್ದನಾ? ಸೈನಿಕರ ಮೈಗೆ ಹಳದಿ ಕಪ್ಪು ಪಟ್ಟೆ ಬಳಿಸಿದ. ಅವರು ಗುಂಯ್ ಅಂತ ಬಂದು ಹೂವಿಗೆ ಮೂತಿ ಇಟ್ಟರು.

"ಅವ್ವಾ, ಇವರ ಮೀಸೆ ಕಚಗುಳಿ ಇಡುತ್ತೆ!" ಅಂತ ಬಳ್ಳಿ ನಕ್ಕಿತು. ನಕ್ಕ ರಭಸಕ್ಕೆ ಇದ್ದ ಹೂವೆಲ್ಲ ಉದುರಿದವು.

ಸಂಕಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಜೇನುಗೂಡಿಗೆ ಹೋದಳು. "ಅಜ್ಜಮ್ಮಾ, ಮನೆಮಂದಿಯೆಲ್ಲ ಊಟಕ್ಕೆ ಬರಬೇಕು."

ಹಿರಿ ಜೇನು ಮುಖ ತಿರುಗಿಸಿತು. "ಊಟಕ್ಕೆ ಕರೆಯೋಳು ಎಲೆ ಹಾಕಿದ್ದೀಯೇನೇ? ಒಂದೇ ಪದಾರ್ಥಕ್ಕೆ ಅಷ್ಟು ದೂರ ಬರೋಕೆ ನಾವೇನು ನೊಣವಾ?"

ಸಂಕಮ್ಮ ತಿಪ್ಪೆಗೆ ಓಡಿದಳು. ಅಲ್ಲಿ ಮುನಿಸಿಕೊಂಡು ಕೂತಿದ್ದ ಗಿಡಗಳ ಗಲ್ಲ ಹಿಡಿದು ಬೇಡಿಕೊಂಡಳು. ಬಾಳೆಲೆಯ ಆಕಾರಕ್ಕೆ ಪಾತಿ ಮಾಡಿ, ಬಡಿಸೋ ಹಾಗೇ ನೆಟ್ಟಳು. ಎಡತುದಿಗೆ ಉಪ್ಪಿನ ಹಾಗೆ ಬಿಳಿ ತುಂಬೆ. ಪಕ್ಕದಲ್ಲಿ ಉಪ್ಪಿನಕಾಯಿ ಹಾಗೆ ಕೆಂಪು ಕೇಪಳ. ಪಲ್ಯದ ಜಾಗಕ್ಕೆ ತುಳಸಿ. ನಡುವೆ ಚಿತ್ರಾನ್ನದ ಹಾಗೆ ಹಳದಿ ತಂಗಡಿ, ಧಾರಾಳವಾಗಿ.

ಹುಣ್ಣಿಮೆ ಬೆಳಗ್ಗೆ ಜೇನು ಬಂದವು, ಚಿಟ್ಟೆ ಬಂದವು. ಪಂಕ್ತಿ ಹಿಡಿದು ಉಂಡವು, ತೇಗಿದವು. ಆಮೇಲೆ ಮನೆಗೆ ಹೊರಟೇಬಿಟ್ಟವು! ಹೊಸದಾಗಿ ಅರಳಿದ್ದ ಕುಂಬಳದ ಹೂವನ್ನು ತಿರುಗಿಯೂ ನೋಡಲಿಲ್ಲ.

"ಅವ್ವಾ, ನಾನು ಎಮ್ಮೆಗೇ," ಅಂತ ಬಳ್ಳಿ ಅತ್ತಿತು.

ಸಂಕಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಏನ್ರವ್ವಾ, ಉಂಡ ಮನೇಲಿ ತಾಂಬೂಲ ತಗೊಳ್ಳದೆ ಹೋಗ್ತೀರಾ?"

ಜೇನುಗಳಿಗೆ ನಾಚಿಕೆಯಾಯಿತು. "ಎಲ್ಲಿಟ್ಟಿದ್ದೀಯೇ?"

"ಅಗೋ, ಆ ಕುಂಬಳದ ತಟ್ಟೆಗಳಲ್ಲಿ. ಗಂಡು ಹೂವಲ್ಲಿ ಎಲೆ, ಹೆಣ್ಣು ಹೂವಲ್ಲಿ ಅಡಿಕೆ. ಎರಡೂ ಕಡೆ ಹೋಗಲೇಬೇಕು."

ಹೋದವು. ಸಂಜೆಗೆ ಪೀಚು ಕಂಡಿತು. ಮಾರನೇ ಬೆಳಗ್ಗೆ ನೋಡಿದರೆ ಗುಡಾಣದಷ್ಟು ಕಾಯಿ. ಅಷ್ಟು ಬೇಗ ಹೇಗೆ ಅಂತೀರಾ? ಎಮ್ಮೆಗೆ ಹೆದರಿತ್ತಲ್ಲ!

ಅವತ್ತೂ ಜೇನುಗಳು ಊಟಕ್ಕೆ ಬಂದಿದ್ದವು. ರಾಜ ಅವುಗಳ ಪಂಕ್ತಿಯ ಕೊನೇಲಿ ಕೂತು ಹೊಟ್ಟೆ ತುಂಬ ಕಡುಬು ತಿಂದ. "ಇನ್ನು ಈ ಕಳೆ, ಬಳ್ಳಿ ಎಲ್ಲ ಕೀಳಿ," ಅಂತ ಏಳಲು ಹೋದ.

"ಕೂತ್ಕೋ ದೊರೆ," ಅಂತು ಹಿರಿ ಜೇನು. "ನಮ್ಮ ಗೂಡಿನ ಮಗು ಇನ್ನೂ ಉಣ್ತಿದೆ. ಪಂಕ್ತೀಲಿ ನಡುವೆ ಏಳ್ತಾರಾ?"

ಮಗು ಎದ್ದಿತು, ಚಿಟ್ಟೆ ಕೂತಿತು. ಚಿಟ್ಟೆ ಎದ್ದಿತು, ದುಂಬಿ ಕೂತಿತು. ರಾಜ ಇನ್ನೂ ಕೂತೇ ಇದ್ದಾನೆ. ಬಳ್ಳಿ ಅವನ ಕಿರೀಟಕ್ಕೆ ಹಬ್ಬಿದೆ. ಸಂಕಮ್ಮ ಇಬ್ಬರಿಗೂ ತಲೆ ಬಾಚ್ತಾಳೆ.

ಅದಕ್ಕೇ ಮಕ್ಕಳಾ, ಅಂಗಳದ ತುಂಬೆ ಕೀಳಬೇಡಿ. ಪಂಕ್ತಿ ಮುಗಿದರೆ ರಾಜ ಎದ್ದುಬಿಡ್ತಾನೆ. ನನ್ನ ಕತೆ ಎಲೆ ಮಡಚಿತು, ನೀವು ಕೈ ತೊಳ್ಕೊಳ್ಳಿ.