ತಟ್ಟುವವಳು, ಬೇಯಿಸುವವಳು

"ಗುರುಗಳೇ, ಎಲ್ಲರಿಗೂ ಒಂದೇ ನಿಯಮ ಇಟ್ಟಮೇಲೆ ಅನ್ಯಾಯ ಎಲ್ಲಿಂದ ಬರುತ್ತದೆ?" ಎಂದು ಶಿಷ್ಯ ಕೇಳಿದ. ಊರಿನ ಆಸ್ಪತ್ರೆಯ ಸಮಿತಿಗೆ ಅವನನ್ನು ಸದಸ್ಯನಾಗಿ ಕರೆದಿದ್ದರು. ಕಿಡ್ನಿ ಯಾರಿಗೆ ಮೊದಲು, ಯಾರಿಗೆ ಇಲ್ಲ ಎಂದು ತೀರ್ಮಾನಿಸುವ ಸಮಿತಿ ಅದು.

ಗುರು ಹಿಂದೆ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ನಿಯಮವನ್ನು ಹಗುರವಾಗಿ ಕಾಣುವವರಲ್ಲ. "ಸರಕು ಒಂದು, ಗಿರಾಕಿ ಹತ್ತು ಇದ್ದಾಗ ಸರದಿ ಬೇಕೇ ಬೇಕು" ಎಂದು ಒಪ್ಪಿಕೊಂಡು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಹೆಂಗಸರು ರೊಟ್ಟಿ ಮಾಡಿ ಮಾರುತ್ತಿದ್ದರು. ಒಬ್ಬಳು ತಟ್ಟುವವಳು, ಇನ್ನೊಬ್ಬಳು ಬೇಯಿಸುವವಳು. ಇಬ್ಬರಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಒಂದೇ ಕೋಣೆ, ಒಂದೇ ಒಲೆ.

ತಟ್ಟುವವಳ ಎರಡೂ ಕಿಡ್ನಿ ಕೆಟ್ಟವು. ಬೇಯಿಸುವವಳು ಆಸ್ಪತ್ರೆಗೆ ಹೋಗಿ, ನನ್ನದೊಂದನ್ನು ತೆಗೆದುಕೊಳ್ಳಿ ಎಂದಳು. ಪರೀಕ್ಷೆ ಮಾಡಿದರು. ಹೊಂದುತ್ತಿತ್ತು. ಅಲ್ಲೂ ಇಂಥದೇ ಒಂದು ಸಮಿತಿಯಿತ್ತು. ಅದರ ಹಿರಿಯ ಕೇಳಿದ: "ಆಕೆ ನಿನಗೇನಾಗಬೇಕು?"

"ಹದಿನಾರು ವರ್ಷ ಆತ್ರಿ. ಆಕಿ ತಟ್ಟತಾಳ, ನಾ ಬೇಯಸ್ತೀನಿ."

"ಸಂಬಂಧ ಏನು ಅಂತ ಕೇಳಿದೆ."

"ಅದನ್ನ ಹೇಳಿದ್ನಲ್ರಿ."

ಸಮಿತಿ ಒಪ್ಪಲಿಲ್ಲ. ಬದುಕಿರುವವರು ಕೊಡುವುದಾದರೆ ರಕ್ತಸಂಬಂಧಿಗಳೇ ಆಗಿರಬೇಕು ಎಂಬ ನಿಯಮವಿತ್ತು. ಬಡವರ ಕಿಡ್ನಿ ಕೊಂಡು ಮಾರುವ ದಲ್ಲಾಳಿಗಳನ್ನು ಆ ಊರು ಕಂಡಿತ್ತು. ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ತಟ್ಟುವವಳ ಹೆಸರನ್ನು ಕಾಯುವವರ ಪಟ್ಟಿಗೆ ಸೇರಿಸಿದರು. ಅಲ್ಲಿ ಇನ್ನೊಂದು ನಿಯಮ. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಜೊತೆಗಿದ್ದು ನೋಡಿಕೊಳ್ಳುವವರು ಯಾರಾದರೂ ಒಬ್ಬರು ಇರಲೇಬೇಕು. ಹಿಂದೊಮ್ಮೆ ಒಂಟಿ ಮನುಷ್ಯನೊಬ್ಬನಿಗೆ ಕೊಟ್ಟಿದ್ದರು. ಅವನಿಗೆ ಜ್ವರ ಬಂದದ್ದು ಯಾರಿಗೂ ತಿಳಿಯಲಿಲ್ಲ. ಅವನೂ ಹೋದ, ಕಿಡ್ನಿಯೂ ಹೋಯಿತು. ಅರ್ಜಿಯಲ್ಲಿ ನೋಡಿಕೊಳ್ಳುವವರ ಜಾಗದಲ್ಲಿ ಬೇಯಿಸುವವಳು ತನ್ನ ಹೆಸರು ಬರೆಸಿದಳು. ತಾನು ಸತ್ತರೆ ತನ್ನ ಅಂಗಗಳನ್ನು ಪಟ್ಟಿಯಲ್ಲಿದ್ದವರಿಗೆ ಕೊಡಿ ಎಂಬ ಕಾಗದಕ್ಕೂ ಅವತ್ತೇ ಹೆಬ್ಬೆಟ್ಟು ಒತ್ತಿದಳು.

"ನಿನಗ್ಯಾಕ ಬೇಕಿತ್ತ ಅದು?" ಎಂದು ತಟ್ಟುವವಳು ರೇಗಿದಳು.

"ಸತ್ತಮ್ಯಾಲ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲೇನ?"

ನಾಲ್ಕು ವರ್ಷ ಕಳೆಯಿತು. ವಾರಕ್ಕೆ ಮೂರು ದಿನ ತಟ್ಟುವವಳು ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದಳು. ಅವಳ ಕೈಯಲ್ಲಿ ಬಲ ಉಳಿದಿರಲಿಲ್ಲ. ಬೇಯಿಸುವವಳೇ ತಟ್ಟುತ್ತಿದ್ದಳು, ಬೇಯಿಸುತ್ತಿದ್ದಳು. ಕೊನೆಗೆ ತಟ್ಟುವವಳ ಹೆಸರು ಪಟ್ಟಿಯ ಮೇಲ್ತುದಿಗೆ ಬಂತು. ಅದೇ ವಾರ ಜೋಳದ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದ ಬೇಯಿಸುವವಳಿಗೆ ಲಾರಿ ಬಡಿಯಿತು. ಮೆದುಳು ಸತ್ತಿದೆ, ಇನ್ನು ಏಳುವುದಿಲ್ಲ ಎಂದರು.

ವೈದ್ಯ ತಟ್ಟುವವಳ ಬಳಿಗೆ ಬಂದ. "ನಿನ್ನ ಸರದಿ ಬಂದಿದೆಯಮ್ಮ. ನೋಡಿಕೊಳ್ಳುವವರು ಯಾರು?"

"ಅರ್ಜ್ಯಾಗ ಬರದೈತಲ್ರಿ" ಎಂದಳು ಅವಳು. "ಒಳಗ ಮಲಗ್ಯಾಳ."

ಸಮಿತಿಯ ಐವರೂ ಕೂಡಲೇ ಸೇರಿದರು. ಕಿಡ್ನಿ ಬಹಳ ಹೊತ್ತು ಇಟ್ಟುಕೊಳ್ಳುವ ಸರಕಲ್ಲ. ನಿಯಮವನ್ನು ಎರಡು ಸಲ ಓದಿದರು. ಒಬ್ಬ ಕಣ್ಣೊರೆಸಿಕೊಂಡ. ಒಂದು ಹಾಳೆಯಲ್ಲಿ ಕಾರಣ ಬರೆದು ತಟ್ಟುವವಳ ಹೆಸರನ್ನು ಹೊಡೆದುಹಾಕಿದರು. ಬೇಯಿಸುವವಳ ಎರಡು ಕಿಡ್ನಿಗಳು ಪಟ್ಟಿಯಲ್ಲಿ ಅವಳ ನಂತರವಿದ್ದ ಇಬ್ಬರಿಗೆ ಹೋದವು. ಇಬ್ಬರೂ ಬದುಕಿದರು. ಅವರೂ ಕಾದವರೇ, ಅವರದೇನೂ ತಪ್ಪಿಲ್ಲ. ತಟ್ಟುವವಳು ಮುಂಗಾರಿಗೆ ಮೊದಲೇ ತೀರಿಕೊಂಡಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಎರಡು ನಿಯಮಗಳಲ್ಲಿ ಯಾವುದನ್ನು ತೆಗೆಯಬೇಕಿತ್ತು?" ಎಂದ.

"ಒಂದನ್ನು ತೆಗೆದರೆ ದಲ್ಲಾಳಿ ಬರುತ್ತಾನೆ. ಇನ್ನೊಂದನ್ನು ತೆಗೆದರೆ ಸಿಕ್ಕಿದ್ದೂ ಹಾಳಾಗುತ್ತದೆ. ಎರಡೂ ಇರಲಿ."

"ಹಾಗಾದರೆ ಸಮಿತಿಯವರು ತಾನೇ ಏನು ಮಾಡಬಹುದಿತ್ತು? ಅವಳಿಗೆ ಯಾರೂ ಇರಲಿಲ್ಲವಲ್ಲ."

ಗುರು ಹೇಳಿದರು: "'ಇವಳನ್ನು ನೋಡಿಕೊಳ್ಳಲು ಯಾರೂ ಇಲ್ಲ' ಎಂದು ಬರೆದ ಆ ಹಾಳೆಗೆ ಐದು ಜನ ಸಹಿ ಹಾಕಿದ್ದರು."