ಗಾಣದ ಎಲೋಜಿ ಹಚ್ಚಿದ ಒಲೆ

ಈ ಹೊಳೆಗೆ ಸೇತುವೆ ಅನ್ನೋ ಮಾತೇ ಹುಟ್ಟಿರದ ಕಾಲ ಅದು. ಕಡಲಂಚಿಗೆ ಒಂದೂರು. ಆ ಊರಲ್ಲಿ ಎಲೋಜಿ ಅಂತ ಒಬ್ಬ ಗಾಣಿಗನಿದ್ದನಂತೆ. ಅವನು ಯೆಹೂದಿ. ಅವನ ಅಜ್ಜನ ಅಜ್ಜ ಹಡಗು ಒಡೆದಾಗ ಹಲಗೆ ಹಿಡಕೊಂಡು ದಡ ಸೇರಿದವನಂತೆ. ಎಲೋಜಿ ಪ್ರತಿ ಶನಿವಾರ ಗಾಣದ ಎತ್ತು ಬಿಚ್ಚಿಬಿಡುತ್ತಿದ್ದ. ಅವತ್ತು ಅವರ ದೇವರ ದಿನ. ಕೆಲಸ ಮಾಡಬಾರದು, ಬೆಂಕಿ ಹಚ್ಚಬಾರದು, ಉರಿಯುವುದನ್ನು ಆರಿಸಲೂ ಬಾರದು. ಶುಕ್ರವಾರ ಮಾಡಿಟ್ಟ ತಂಗಳೇ ಊಟ. ಎಲೋಜಿಯ ಎತ್ತಿನಂಥ ಪುಣ್ಯವಂತ ಎತ್ತು ಇನ್ನೊಂದಿಲ್ಲ ಅಂತ ಊರವರು ನಗಾಡುತ್ತಿದ್ದರಂತೆ.

ಅವನ ಮತದವರದು ಅಲ್ಲಿ ಇನ್ನೊಂದೇ ಮನೆ, ಸಿಪ್ರಾಳದು. ಯುದ್ಧದಲ್ಲಿ ಅವಳ ಊರು ಸುಟ್ಟುಹೋಗಿ, ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡು, ಒಬ್ಬಳೇ ದೋಣಿಯಲ್ಲಿ ಬಂದವಳು. ಎಲೋಜಿಗೆ ಅವಳೆಂದರೆ ಜೀವ. ಎಣ್ಣೆ ಕೊಡುವ ನೆಪದಲ್ಲಿ ದಿನಾ ಹೋಗುತ್ತಿದ್ದ. ಒಬ್ಬಂಟಿ ಹೆಣ್ಣಿಗೆ ಎಷ್ಟೆಣ್ಣೆ ಬೇಕು ಹೇಳಿ! ಮದುವೆಯ ಮಾತೆತ್ತಿದರೆ ಅವಳು ಒಲ್ಲೆ ಅಂದಳಂತೆ. ಇವನದು ಬರೀ ತಮಾಷೆ, ದೇವರ ಕಟ್ಟಳೆಯಲ್ಲಿ ಬಿಗಿ ಇಲ್ಲ ಅಂತ ಅವಳ ತಕರಾರು. ಹೆತ್ತವರಿಂದ ಅವಳಿಗೆ ಉಳಿದದ್ದು ಆ ಕಟ್ಟಳೆಯೊಂದೇ, ಪಾಪ.

ಅಷ್ಟರಲ್ಲಿ ಯುದ್ಧ ಈ ಕಡೆಗೂ ಬಂತು. ಹಡಗಿನಲ್ಲಿ ಬಂದ ದಂಡು ಗುಡ್ಡದ ಕೋಟೆ ಹಿಡಿಯಿತು. ಆ ದೊರೆಗಳಿಗೆ ಯೆಹೂದಿಗಳನ್ನು ಕಂಡರೆ ಆಗದು. ಹಿಡಿದವರನ್ನು ಹಡಗು ಹತ್ತಿಸುತ್ತಿದ್ದರು, ಹತ್ತಿದವರು ತಿರುಗಿ ಬಂದದ್ದಿಲ್ಲ. ಉಡುಗೆ ತೊಡುಗೆ ನೋಡಿದರೆ ಗುರುತು ಸಿಗುವುದಿಲ್ಲವಲ್ಲ? ಅದಕ್ಕೆ ಶನಿವಾರ ಬೆಳಿಗ್ಗೆ ಕೋಟೆಗೋಡೆ ಹತ್ತಿ ಮನೆಗಳ ಮಾಡು ನೋಡುವುದು. ಯಾವ ಮಾಡಿನ ಮೇಲೆ ಹೊಗೆ ಏಳಲಿಲ್ಲವೋ ಆ ಮನೆಗೆ ಇಳಿಯುವುದು. ಎಂಥ ಬುದ್ಧಿ ನೋಡಿ, ಹಾಳಾದವರದ್ದು!

ಸತ್ತರೂ ಸರಿ, ಒಲೆ ಹಚ್ಚುವುದಿಲ್ಲ ಅಂತ ಸಿಪ್ರಾ ಹಟ ಹಿಡಿದಳಂತೆ. ಆದರೆ ಶನಿವಾರ ಎದ್ದು ನೋಡಿದರೆ ಅವಳ ಬಚ್ಚಲೊಲೆ ತಾನಾಗಿ ಹೊಗೆಯಾಡುತ್ತಿತ್ತು! ಪಕ್ಕದ ಮನೆಯ ದುಗ್ಗಕ್ಕನದೇ ಕೆಲಸ ಅಂದುಕೊಂಡು ಮರುದಿನ ಎಳ್ಳುಂಡೆ ಕೊಟ್ಟುಬಂದಳು. ದುಗ್ಗಕ್ಕ ತುಟಿಪಿಟಕ್ಕೆನ್ನದೆ ತಿಂದಳಂತೆ.

ಹಚ್ಚುತ್ತಿದ್ದವನು ಎಲೋಜಿ. ಕೋಳಿ ಕೂಗುವಾಗ ಬೇಲಿ ನುಸುಳಿ ಬಂದು, ಹಸಿ ತೆಂಗಿನ ಸಿಪ್ಪೆ ತುಂಬಿ ಹಚ್ಚುತ್ತಿದ್ದನಂತೆ. ಬೇರೆಯವರ ಕೈಲಿ ಹಚ್ಚಿಸಬಾರದಿತ್ತೇ ಅಂತೀರಿ. ಸಿಕ್ಕಿಬಿದ್ದರೆ ಅವರ ತಲೆಯೂ ಹೋಗುತ್ತಿತ್ತು. ಪಾಪ ನನಗೇ ಇರಲಿ ದೇವರೇ, ಅವಳಿಗೆ ಅಂಟದಿರಲಿ ಅಂತ ಕಣ್ಣುಜ್ಜಿಕೊಂಡು ಊದುತ್ತಿದ್ದನಂತೆ.

ಅವನ ಸ್ವಂತ ಮಾಡು ಒಂದು ದೊಡ್ಡ ಹೊನ್ನೆಮರದ ಮರೆಯಲ್ಲಿತ್ತು, ಕೋಟೆಗೆ ಕಾಣುತ್ತಿರಲಿಲ್ಲ. ಒಂದು ಗುರುವಾರ ದಂಡಿನವರು ಹಡಗಿನ ಕಂಬಕ್ಕೆಂದು ಆ ಮರವನ್ನೇ ಕಡಿದು ಹೊತ್ತೊಯ್ದರು. ಶನಿವಾರ ಎಲೋಜಿ ಎಂದಿನಂತೆ ಸಿಪ್ರಾಳ ಒಲೆ ಹಚ್ಚಿ ಬಂದ. ತನ್ನ ಒಲೆಯ ಮುಂದೆ ಕೂತ. ಅವಳಿಗಾಗಿ ಹಚ್ಚಿದ ಕೈ ತನಗಾಗಿ ಏಳಲಿಲ್ಲ. ತಂಗಳು ಬಡಿಸಿಕೊಂಡು ಸುಮ್ಮನೆ ಕೂತನಂತೆ, ಪೆದ್ದ!

ದುಗ್ಗಕ್ಕ ಬಾವಿಕಟ್ಟೆಯಲ್ಲಿದ್ದಳು. ಗುಡ್ಡ ಇಳಿಯುವ ದಂಡು ಎಲೋಜಿಯ ಮಾಡಿನತ್ತ ಕೈ ತೋರಿಸುವುದು ಕಂಡಿತು. ಅವಳು ಕೊಡದಲ್ಲಿದ್ದ ನೀರನ್ನು ಹಾಗೇ ತಂದು ತನ್ನ ಒಲೆಗೆ ಸುರಿದಳು. ಗಂಜಿ ಅರ್ಧ ಬೆಂದಿತ್ತು, ಬೇಯದಿದ್ದರೆ ಕತ್ತೆಬಾಲ ಅಂದಳಂತೆ. ಬೇಲಿಯಾಚೆ ಕೂಗಿದಳು. ಆಚೆಯವಳೂ ಸುರಿದಳು. ಅವಳ ಆಚೆಯವಳೂ ಸುರಿದಳು. ದಂಡು ಊರು ಮುಟ್ಟುವಾಗ ಯಾವ ಮಾಡಿನ ಮೇಲೂ ಹೊಗೆಯಿಲ್ಲ, ಸಿಪ್ರಾಳದೊಂದನ್ನು ಬಿಟ್ಟು. ಉರಿಯುವ ಬೆಂಕಿ ಆರಿಸಲು ಅವಳಿಗೆ ಕಟ್ಟಳೆ ಬಿಡಬೇಕಲ್ಲ!

ಇದೇನು ಅಂತ ನಾಯಕ ಗುಡುಗಿದ. ದುಗ್ಗಕ್ಕ ಕೈಮುಗಿದಳಂತೆ. "ಶನಿವಾರ ಹೊಗೆ ಎದ್ದರೆ ನಮ್ಮೂರಮ್ಮನ ಕಣ್ಣು ಉರೀತದಂತೆ ಸ್ವಾಮಿ, ಈಗಷ್ಟೇ ಮೈಮೇಲೆ ಬಂದು ಹೇಳಿದಳು. ಉರಿದರೆ ಊರಿಗೆಲ್ಲ ಸಿಡುಬು."

ಸಿಡುಬು ಅಂದದ್ದೇ ತಡ, ನಾಯಕ ಎರಡು ಹೆಜ್ಜೆ ಹಿಂದೆ ಹೋದ. ಹಾಗಾದರೆ ಆ ಹೊಗೆಯ ಮನೆ ಯಾರದು ಅಂದ. "ಅದೊಂದು ನಿಮ್ಮಂಥದ್ದೇ, ಅಮ್ಮನಿಗೆ ಹೆದರೋದಿಲ್ಲ" ಅಂದಳು ದುಗ್ಗಕ್ಕ. ನಾಯಕ ತನ್ನ ಮತದವಳೇ ಅಂದುಕೊಂಡು ಸಿಪ್ರಾಳಿಗೆ ಟೊಪ್ಪಿ ತೆಗೆದು ತಲೆಬಾಗಿ, ಮೂಗು ಮುಚ್ಚಿಕೊಂಡು ಗುಡ್ಡ ಹತ್ತಿದನಂತೆ.

ಸಿಪ್ರಾ ದುಗ್ಗಕ್ಕನ ಕಾಲಿಗೆ ಬೀಳಲು ಹೋದಳು. "ಒಲೆ ಹಚ್ಚಿದ್ದು ನಾನಲ್ಲ ಮಾರಾಯ್ತಿ. ಎಳ್ಳುಂಡೆ ರುಚಿಯಾಗಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ. ಹೋಗು, ಗಾಣದ ಮನೆಗೆ ಹೋಗು" ಅಂದಳಂತೆ ಅವಳು.

ಸಿಪ್ರಾ ಹೋಗಿ ನೋಡಿದರೆ ಎಲೋಜಿಯ ಒಲೆಯಲ್ಲಿ ಶುಕ್ರವಾರದ ಬೂದಿ. ಅವಳಿಗೆ ಅಳು ತಡೆಯಲಾಗಲಿಲ್ಲ.

"ನನ್ನದು ಹಚ್ಚಿದಿ. ನಿನ್ನದು ಯಾಕೆ ಹಚ್ಚಲಿಲ್ಲ?"

ಊರನ್ನೆಲ್ಲ ನಗಿಸುವವನು "ಕೈ ಬರಲಿಲ್ಲ" ಅಂದನಂತೆ, ಅಷ್ಟೇ. ಇವನಿಗೆ ಬಿಗಿ ಇಲ್ಲ ಅಂದವಳು ತಾನಲ್ಲವೇ ಅಂತ ಅವಳು ಮತ್ತಷ್ಟು ಅತ್ತಳಂತೆ. ದೇವರ ದಿನ ಮುಗಿದು ಮೂರು ನಕ್ಷತ್ರ ಕಾಣುವ ತನಕ ಜಗಲಿಯಲ್ಲೇ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಅವನ ಒಲೆಯನ್ನು ತಾನೇ ಹಚ್ಚಿದಳು. ಒಪ್ಪಿದೆ ಅನ್ನಲು ಅವಳಿಗೆ ಬೇರೆ ಮಾತು ಬೇಕಾಗಲಿಲ್ಲ.

ದುಗ್ಗಕ್ಕನ ಸುಳ್ಳು ನಿಲ್ಲಬೇಕಲ್ಲ? ಹಡಗಿನವರು ತೊಲಗುವ ತನಕ ಏಳು ವರ್ಷ ಆ ಊರು ಶನಿವಾರ ಒಲೆ ಹಚ್ಚಲಿಲ್ಲವಂತೆ. ತೊಲಗಿದ ಮೇಲೂ ಹಚ್ಚಲಿಲ್ಲ. ಎಲೋಜಿಯ ಕುಲದವರು ಈಗ ಅಲ್ಲಿ ಯಾರೂ ಇಲ್ಲ. ಆದರೂ ಶನಿವಾರ ಊರಿಗೂರೇ ತಂಗಳು ಉಣ್ಣುತ್ತದೆ. ಸಂಜೆ ನಕ್ಷತ್ರ ಮೂಡಿದ ಮೇಲೆ ಯಾವ ಹೆಂಗಸೂ ತನ್ನ ಒಲೆ ತಾನು ಹಚ್ಚಿಕೊಳ್ಳುವುದಿಲ್ಲ. ಹೋಗಿ ನೆರೆಮನೆಯದನ್ನು ಹಚ್ಚುತ್ತಾಳೆ, ಬಂದು ತನ್ನದರ ಮುಂದೆ ಕಾಯುತ್ತಾಳೆ. ಇವತ್ತಿನವರೆಗೆ ಒಂದು ಒಲೆಯೂ ತಣ್ಣಗೆ ಉಳಿದಿಲ್ಲವಂತೆ.