ಹೊಸಿಲು ದಾಟುವ ಸರದಿ

ಶಿಷ್ಯ ಕೇಳಿದ: “ಗುರುಗಳೇ, ಅಸೂಯೆ ಬೆಂಕಿ ಎನ್ನುತ್ತೀರಿ. ಆ ಬೆಂಕಿ ಅಸೂಯೆಪಟ್ಟವನನ್ನೇ ತಾನೇ ಸುಡುವುದು? ಬೇರೆಯವರಿಗೇನು ನಷ್ಟ?”

ಗುರು ಹೇಳಿದರು:

ನೆಲ ಆಗಾಗ ನಡುಗುವ ಒಂದು ಊರಿನಲ್ಲಿ ನೇಯ್ಗೆಯ ಕಾರ್ಖಾನೆಯಿತ್ತು. ನಲವತ್ತು ಜನರಿಗೆ ಒಂದೇ ಬಾಗಿಲು. ಎರಡನೆಯದನ್ನು ಇಡಿಸಲು ಮಾಲೀಕನಿಗೆ ಮನಸ್ಸಿರಲಿಲ್ಲ.

ಅಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು ಹಿಂದೊಮ್ಮೆ ಭೂಕಂಪದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡಿದ್ದಳು. ಅವಳು ಎಲ್ಲರಿಗೂ ಅಭ್ಯಾಸ ಮಾಡಿಸತೊಡಗಿದಳು. ನಡುಗುವಾಗ ಮೇಜಿನ ಕೆಳಗೆ ಕೂರಬೇಕು. ನಡುಕ ನಿಂತ ಕೂಡಲೇ ಬಾಗಿಲ ಹತ್ತಿರದವರು ಮೊದಲು, ಅವರ ಹಿಂದೆ ಉಳಿದವರು ಬಯಲಿಗೆ ಬರಬೇಕು. ಜನ ಅವಳನ್ನು ಅಕ್ಕ ಎಂದು ಕರೆದರು. ಅವಳು ಕೈಯೆತ್ತಿದರೆ ಮಗ್ಗಗಳು ನಿಲ್ಲುತ್ತಿದ್ದವು.

ಇಪ್ಪತ್ತು ವರ್ಷ ದುಡಿದ ಮೇಸ್ತ್ರಿಗೆ ಇದು ನುಂಗಲಾರದ ತುತ್ತಾಯಿತು. ಅವನು ಕೂಗಿದರೂ ಮಗ್ಗಗಳು ಅಷ್ಟು ಬೇಗ ನಿಂತಿರಲಿಲ್ಲ.

ಆ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಸಂಜೆ ಕೆಲಸ ಬಿಟ್ಟಾಗ ಹಿರಿಯ ದಾಟದೆ ಕಿರಿಯ ಹೊಸಿಲು ದಾಟುವಂತಿಲ್ಲ. ಮೇಸ್ತ್ರಿ ಅದನ್ನೇ ಹಿಡಿದ. “ಅಭ್ಯಾಸದಲ್ಲೂ ಹಿರಿತನದ ಸರದಿ ಇರಲಿ” ಎಂದು ಮಾಲೀಕನಿಗೆ ಹೇಳಿದ. ಮಾಲೀಕನಿಗೆ ಖರ್ಚಿಲ್ಲದ ಮಾತು. ಒಪ್ಪಿದ.

ಹೆಂಗಸು ಮೇಸ್ತ್ರಿಯ ಬಳಿ ಬಂದಳು. “ಅಣ್ಣಾ, ನಿಮ್ಮ ಮಗ್ಗ ಇರೋದು ಎಲ್ಲರಿಗಿಂತ ಒಳಗೆ. ಮರ್ಯಾದೆ ಬೇಕಾದರೆ ದಿನಾ ಕೈಮುಗಿಯುತ್ತೇನೆ. ಬಾಗಿಲು ಮಾತ್ರ ಅಡ್ಡಗಟ್ಟಬೇಡಿ.”

“ನೋಡಿದಿರೇನ್ರೋ, ಪೊರಕೆಗೂ ನಾಲಿಗೆ ಬಂತು!” ಎಂದ ಮೇಸ್ತ್ರಿ. ನಾಲ್ಕು ಜನ ನಕ್ಕರು. ಉಳಿದವರು ತಲೆ ತಗ್ಗಿಸಿದರು.

ಆರು ತಿಂಗಳು ಹಾಗೆಯೇ ಅಭ್ಯಾಸ ನಡೆಯಿತು. ಬಾಗಿಲ ಬಳಿ ಕೂತು ನೂಲು ಸುತ್ತುವ ಹನ್ನೊಂದು ಹೆಂಗಸರು ಎದ್ದು, ಗೋಡೆಗೆ ಒರಗಿ, ಮೇಸ್ತ್ರಿಗೆ ದಾರಿ ಬಿಡುವುದನ್ನು ಚೆನ್ನಾಗಿ ಕಲಿತರು.

ಒಂದು ಮಧ್ಯಾಹ್ನ ನೆಲ ನಡುಗಿತು. ಎಲ್ಲರೂ ಮೇಜಿನ ಕೆಳಗೆ ಕೂತರು. ನಡುಕ ನಿಂತಿತು. ಗೋಡೆ ಬಿರುಕು ಬಿಟ್ಟಿತ್ತು. “ಹೊರಡಿ, ಹೊರಡಿ!” ಎಂದು ಕಸ ಗುಡಿಸುವವಳು ಕೂಗಿದಳು. ಹನ್ನೊಂದು ಹೆಂಗಸರು ಎದ್ದರು. ಬಾಗಿಲು ಎರಡು ಹೆಜ್ಜೆ ದೂರವಿತ್ತು. ಅವರು ಗೋಡೆಗೆ ಒರಗಿ ನಿಂತರು. “ಬೇಗ ಬನ್ನಿ ಮೇಸ್ತ್ರಿ” ಎಂದು ಒಬ್ಬಳು ಬೇಡಿದಳು.

ಮೇಸ್ತ್ರಿ ಮಗ್ಗಗಳ ಸಂದಿಯಲ್ಲಿ ಬರುತ್ತಿದ್ದ. ‘ನೀವು ಹೋಗಿ’ ಎಂಬ ಮಾತು ಅವನ ಬಾಯಿಗೆ ಬಂದಿತ್ತು. ಕಸ ಗುಡಿಸುವವಳು ಅವನನ್ನೇ ನೋಡುತ್ತಿದ್ದಳು. ಅವನು ಆ ಮಾತು ಆಡಲಿಲ್ಲ.

ಅವನು ಹೊಸಿಲು ದಾಟಿದ. ಅವನ ಹಿಂದೆ ಇನ್ನಿಬ್ಬರು ಹಿರಿಯರು ದಾಟಿದರು. ನಾಲ್ಕನೆಯವನು ಕಾಲೆತ್ತಿದಾಗ ನೆಲ ಮತ್ತೆ ನಡುಗಿತು. ಗೋಡೆ ಒಳಕ್ಕೆ ಬಿತ್ತು. ಒರಗಿ ನಿಂತಿದ್ದ ಹನ್ನೊಂದು ಜನ ಅದರಡಿಯಲ್ಲಿ ಹೋದರು. ಅವರನ್ನು ಹೊರಕ್ಕೆ ನೂಕುತ್ತಿದ್ದ ಕಸ ಗುಡಿಸುವವಳೂ ಹೋದಳು.

ಗುರು ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: “ಆ ಮೇಸ್ತ್ರಿ ಏನಾದ?”

“ಏನೂ ಆಗಲಿಲ್ಲ, ಅವನ ಅಂಗಿಯ ಮೇಲೆ ಧೂಳು ಕೂಡ ಬಿದ್ದಿರಲಿಲ್ಲ.”